ಓದುಗರ ಪ್ರಶ್ನೆ: ಪೆಟ್ಟು ತಿಂದವಳ ಜೊತೆ ಹೋಗುವುದು ಹೇಗೆ?

ಕಳೆದ ತಿಂಗಳು ಗಂಡನ ಮನೆ ಬಿಟ್ಟು ಬಂದವರೊಬ್ಬರ ಪತ್ರಕ್ಕೆ ಉತ್ತರಿಸುವಾಗ "ಕೋರ್ಟಿನ ದಿನ ಜೊತೆಗೊಬ್ಬರು ಇದ್ದರೆ ಅರ್ಧ ಧೈರ್ಯ ಬಂದ ಹಾಗೆ" ಎಂದು ಒಂದು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರದ್ದು. ಆ ಜೊತೆಗೊಬ್ಬರು ನಾವಾಗಬಹುದಾ ಅಂತ. ಖುಷಿಯಾಯಿತು. ಸ್ವಲ್ಪ ಹೆದರಿಕೆಯೂ ಆಯಿತು, ಯಾಕೆ ಅಂತ ಹೇಳುತ್ತೇನೆ. ಪತ್ರಗಳಲ್ಲಿದ್ದ ಹೆಸರು, ಕೇರಿ, ಆಫೀಸು ಎಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್, ವಯಸ್ಸು 27. ಬೆಂಗಳೂರಿನ ಕಂಪನಿಗೆ ಶಿರಸಿ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತೇನೆ. ಬ್ಯಾಂಕಿನಲ್ಲಿರುವ ಒಬ್ಬಳು, ನರ್ಸ್ ಒಬ್ಬಳು, ಸಿಎ ಆಫೀಸಿನಲ್ಲಿರುವ ಒಬ್ಬ, ಹೀಗೆ ನಾವು ನಾಲ್ವರು ಗೆಳೆಯರು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ನೆರವಾಗಬೇಕು ಎಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ. ನಮ್ಮದೇ ಒಂದು ಹೆಲ್ಪ್‌ಲೈನ್ ನಂಬರು, ಒಂದು ಆ್ಯಪ್ ಮಾಡುವ ಯೋಚನೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮಾ, ಆ್ಯಪ್ ಬೇಡ. ನಂಬರೂ ಬೇಡ. ಹೆಂಗಸರ ಸಹಾಯವಾಣಿ 181 ಇದೆ, ತುರ್ತು ಕರೆಗೆ 112 ಇದೆ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತಲು ಅಲ್ಲಿ ಸಂಬಳಕ್ಕೆ ಜನ ಇದ್ದಾರೆ. ನಿಮ್ಮ ನಂಬರಿಗೆ ಆ ಹೊತ್ತಿಗೆ ಕರೆ ಬಂದರೆ ನೀವು ಮಲಗಿರುತ್ತೀರಿ, ಇಲ್ಲವೇ ನಿಮ್ಮ ಮನೆಯಲ್ಲಿ ರೇಂಜ್ ಇರುವುದಿಲ್ಲ. ಶಿರಸಿ ಕಡೆಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಘಟ್ಟದ ಮೇಲೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇಡೀ ತೋಟ ಇರುತ್ತದೆ. ಕೂಗಿದರೂ ಕೇಳುವುದಿಲ್ಲ. ರೇಂಜ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಅಡಿಕೆ ಒಣಗಿಸುವ ಜಾಗದ ಹತ್ತಿರ. ಅಲ್ಲಿ ನಿಂತು ಮಾತಾಡಿದರೆ ಜಗಲಿಯಲ್ಲಿ ಕೂತವರಿಗೆಲ್ಲ ಕೇಳುತ್ತದೆ. ಘಟ್ಟದ ಕೆಳಗೆ ಇದು ಉಲ್ಟಾ. ಗೋಡೆಗೆ ಗೋಡೆ ತಾಗಿಕೊಂಡ ಮನೆಗಳು, ಹೊಡೆದ ಸದ್ದು ಇಡೀ ಕೇರಿಗೆ ಕೇಳುತ್ತದೆ, ಬೆಳಗ್ಗೆ ನಲ್ಲಿ ಹತ್ತಿರ ಯಾರೂ ಏನೂ ಕೇಳದವರ ಹಾಗೆ ನೀರು ತುಂಬುತ್ತಾರೆ. ಎರಡೂ ಕಡೆ ಆ ಹೆಂಗಸಿಗೆ ಗುಟ್ಟಾಗಿ ಮಾತಾಡಲು ಒಂದು ಜಾಗ ಇಲ್ಲ. ಆ್ಯಪ್ ಮಾಡಿ ಇದನ್ನು ಸರಿಮಾಡಲು ಆಗುವುದಿಲ್ಲ.

ಹೆದರಿಕೆ ಅಂದೆನಲ್ಲ, ಅದಕ್ಕೊಂದು ಕಾರಣ ಇದೆ. ನಾನು ತಾಲ್ಲೂಕೊಂದರ ಸಾಂತ್ವನ ಕೇಂದ್ರದಲ್ಲಿ, ಅಂದರೆ ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಕೇಂದ್ರದಲ್ಲಿ, ಕೆಲಸಕ್ಕೆ ಸೇರಿದ ಹೊಸತು. ಒಬ್ಬರು ಬಂದು ಎಲ್ಲ ಹೇಳಿ, ಮತ್ತೆ ಬರ್ತೇನೆ ಎಂದು ಹೋದವರು ಬರಲೇ ಇಲ್ಲ. ಕಾಳಜಿಯಿಂದ ಅವರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. ಯಾರು ಅಂತ ಕೇಳಿದಾಗ ನಾನು ಬುದ್ಧಿವಂತೆ, ಕೇಂದ್ರದ ಹೆಸರು ಹೇಳಿದೆ. ಆಮೇಲೆ ಆ ಸೊಸೆ ಕೇಂದ್ರಕ್ಕೆ ಬಂದಾಗ ಎಡಗೈ ಪಟ್ಟಿಯಲ್ಲಿತ್ತು. ನನಗೆ ಒಂದು ಮಾತೂ ಬೈಯಲಿಲ್ಲ. "ಇನ್ನು ಮೇಲೆ ಫೋನ್ ಮಾಡಬೇಡಿ ಅಕ್ಕಾ, ನಾನೇ ಮಾಡ್ತೇನೆ" ಅಂದರು ಅಷ್ಟೇ. ಅವತ್ತು ನಾವಿಬ್ಬರೂ ಒಂದು ಮಾತು ಗೊತ್ತುಮಾಡಿಕೊಂಡೆವು. ಅವರು ಫೋನ್ ಮಾಡಿ "ಅಪ್ಪೆಮಿಡಿ ಸಿಕ್ತಾ?" ಎಂದು ಕೇಳಿದರೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂದು ಅರ್ಥ. ನಾನು ಉಪ್ಪಿನಕಾಯಿಯ ಮಾತಾಡಿ ಇಡಬೇಕು. ಮಿಡಿಯ ಕಾಲ ಮುಗಿದ ಮೇಲೂ ಅದನ್ನೇ ಕೇಳುತ್ತಿದ್ದರು, ಯಾರಿಗೂ ಅನುಮಾನ ಬರಲಿಲ್ಲ ಅನ್ನುವುದು ಬೇರೆ ಮಾತು.

ಹಾಗಾಗಿ ಮೊದಲು ಆ ಗ್ರೂಪಿನಲ್ಲಿ ಯಾರದಾದರೂ ಹೆಸರು, ಊರು, ಫೋಟೋ ಇದ್ದರೆ ಇವತ್ತೇ ಅಳಿಸಿ. ನಾಲ್ವರಲ್ಲಿ ಒಬ್ಬರ ಫೋನು ಮನೆಯ ಮಕ್ಕಳ ಕೈಗೆ ಸಿಕ್ಕರೂ ಸಾಕು.

ಆಮೇಲೆ ನಾಲ್ವರೂ ಒಂದು ದಿನ ರಜೆ ಹಾಕಿ, ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅರೆಕಾನೂನು ಸ್ವಯಂಸೇವಕರು, ಅಂದರೆ ವಕೀಲರಲ್ಲದೆಯೂ ಕಾನೂನಿನ ಕೆಲಸದಲ್ಲಿ ಜನರಿಗೆ ನೆರವಾಗುವವರು, ಅಂತ ತೆಗೆದುಕೊಳ್ಳುತ್ತಾರೆ, ತರಬೇತಿ ಕೊಡುತ್ತಾರೆ, ಗುರುತಿನ ಚೀಟಿ ಕೊಡುತ್ತಾರೆ. ಆ ಚೀಟಿ ಇಲ್ಲದೆ ಪೊಲೀಸ್ ಠಾಣೆಯಲ್ಲಿ ನೀವು ಯಾರೋ ದಾರಿಹೋಕರು. ಹಾಗೆಯೇ ಮಹಿಳಾ ಮತ್ತು ಮಕ್ಕಳ ಇಲಾಖೆಯ ತಾಲ್ಲೂಕು ಆಫೀಸಿಗೆ ಹೋಗಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರನ್ನು ನೋಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರು ಇರಬೇಕು, ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಆ ಕೆಲಸ ಇವರ ತಲೆಗೇ. ಅಂಗನವಾಡಿಯ ಮೊಟ್ಟೆಯಿಂದ ಹಿಡಿದು ಎಲ್ಲವೂ ಅವರದೇ ಜವಾಬ್ದಾರಿ, ಅದರ ನಡುವೆ ಇದೊಂದು. ದೌರ್ಜನ್ಯದ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವವರು ಅವರೇ. ಎರಡು ಅಕ್ಷರ ಟೈಪ್ ಮಾಡಿಕೊಡಲು, ಜೆರಾಕ್ಸ್ ಮಾಡಿಸಲು ಜನ ಸಿಕ್ಕರೆ ಅವರೇನೂ ಬೇಡ ಅನ್ನಲಿಕ್ಕಿಲ್ಲ.

ಇನ್ನು ನಿಮ್ಮ ನಾಲ್ವರಿಗೆ ಬರುವ ಕೆಲಸ. ಇದು ನನಗೆ ನಿಜಕ್ಕೂ ಆಸೆ ಹುಟ್ಟಿಸಿದ ಭಾಗ, ಯಾಕೆಂದರೆ ನಮ್ಮ ಕಾಲದಲ್ಲಿ ನಮಗೆ ಇದು ಯಾವುದೂ ಗೊತ್ತಿರಲಿಲ್ಲ.

ಬ್ಯಾಂಕಿನ ಹುಡುಗಿಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಇದೆ. ಗೃಹಲಕ್ಷ್ಮಿಯ 2000 ರೂಪಾಯಿ ಪೆಟ್ಟು ತಿನ್ನುವವಳ ಖಾತೆಗೇ ಬೀಳುತ್ತದೆ, ಸರಿ. ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ? ಮೆಸೇಜು ಯಾರ ಮೊಬೈಲಿಗೆ ಹೋಗುತ್ತದೆ? ಅವಳು 300 ರೂಪಾಯಿ ತೆಗೆದರೆ ಅದು ಗಂಡನಿಗೆ ಅದೇ ಕ್ಷಣಕ್ಕೆ ಗೊತ್ತಾಗುತ್ತದೆ. ಬೇರೆ ಖಾತೆ ಮಾಡಿಸಿಕೊಡುವುದು, ಅವಳ ಸ್ವಂತ ನಂಬರು ಹಾಕಿಸುವುದು, ಪಾಸ್‌ಬುಕ್ ಎಲ್ಲಿ ಇಡುವುದು ಅಂತ ಮೊದಲೇ ಮಾತಾಡಿಕೊಳ್ಳುವುದು, ಇಷ್ಟು ಮಾಡಿದರೆ ಮನೆ ಬಿಡುವ ದಿನ ಅವಳ ಕೈಯಲ್ಲಿ ಏನಾದರೂ ಇರುತ್ತದೆ. ಹೆಂಡತಿಯ ದುಡ್ಡು ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು ಕೂಡ ಈ ಕಾಯ್ದೆಯಲ್ಲಿ ದೌರ್ಜನ್ಯವೇ. ಹೊಡೆದ ಗುರುತು ಇರಲೇಬೇಕು ಅಂತಿಲ್ಲ.

ಸಿಎ ಆಫೀಸಿನ ಹುಡುಗ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪನ್ನು ಒಮ್ಮೆ ಓದಲಿ. ಜೀವನಾಂಶ ಕೇಳುವಾಗ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲದರ ಅಫಿಡವಿಟ್ ಕೊಡಬೇಕು ಎಂದು ಅದರಲ್ಲಿದೆ. ತಿಂಗಳಿಗೆ ಗ್ಯಾಸಿಗೆಷ್ಟು, ಮಗುವಿನ ಸ್ಕೂಲಿಗೆಷ್ಟು, ಆ ಲೆಕ್ಕ ಕೂತು ಬರೆಯಿಸುವವರೇ ಇಲ್ಲ. ಖಾಲಿ ಬಿಟ್ಟ ಕಾಲಂ ನೋಡಿ ಎದುರಿನ ವಕೀಲರು "ಖರ್ಚೇ ಇಲ್ಲವಲ್ಲ" ಅನ್ನುತ್ತಾರೆ. ನರ್ಸ್ ತಂಗಿಗೆ ಒಂದೇ ಮಾತು. ಜಾರಿ ಬಿದ್ದೆ ಅಂತ ಬಂದವಳನ್ನು ಕರೆತಂದವರಿಂದ ಎರಡು ನಿಮಿಷ ಬೇರೆ ಮಾಡಿ ಕೇಳು. ಹೇಳಿದರೆ ಎಂಎಲ್‌ಸಿ, ಅಂದರೆ ಪೊಲೀಸು ಕೋರ್ಟಿಗೆ ಬೇಕಾಗುವ ಗಾಯದ ದಾಖಲೆ, ಬರೆಯುವಂತೆ ಡಾಕ್ಟರಿಗೆ ತಿಳಿಸು. ವರ್ಷದ ನಂತರ ಕೋರ್ಟಿನಲ್ಲಿ ಉಳಿಯುವುದು ಆ ಒಂದು ಕಾಗದ.

ನಿಮಗೆ, ಎಂಜಿನಿಯರ್ ಸಾಹೇಬರಿಗೆ, ಅವಳ ಫೋನ್. ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ನಲ್ಲಿ ಗಂಡನ ಲ್ಯಾಪ್‌ಟಾಪ್ ಇದೆಯಾ, ಗೂಗಲ್ ಖಾತೆ ಅವನ ಫೋನಿನಲ್ಲೂ ತೆರೆದಿದೆಯಾ, ಲೊಕೇಶನ್ ಶೇರ್ ಆನ್ ಇದೆಯಾ, ಇದನ್ನೆಲ್ಲ ನೋಡುವುದು ನಿಮಗೆ ಐದು ನಿಮಿಷದ ಕೆಲಸ. ಆದರೆ ಕಂಡ ಕೂಡಲೇ ತೆಗೆದುಹಾಕಬೇಡಿ. ಇದ್ದಕ್ಕಿದ್ದ ಹಾಗೆ ಎಲ್ಲ ಬಂದ್ ಆದರೆ ಅವನಿಗೆ ಏನೋ ನಡೆಯುತ್ತಿದೆ ಎಂದು ವಾಸನೆ ಹತ್ತುತ್ತದೆ. ತೆಗೆಯಲಾ, ಯಾವಾಗ ತೆಗೆಯಲಿ ಅಂತ ಅವಳನ್ನೇ ಕೇಳಿ. ಅವನ ಸಿಟ್ಟಿನ ಲೆಕ್ಕ ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ, ಬೇಜಾರು ಮಾಡ್ಕೋಬೇಡಿ. ಹುಡುಗರು ಒಬ್ಬರೇ ಅವಳ ಜೊತೆ ಓಡಾಡಬೇಡಿ. ಬೈಕ್ ಹಿಂದೆ ಅಂತೂ ಕೂರಿಸಲೇಬೇಡಿ. "ಆ ಹುಡುಗ ಯಾರು?" ಎಂಬ ಒಂದು ಪ್ರಶ್ನೆಯಿಂದ ಇಡೀ ಕೇಸು ತಲೆಕೆಳಗಾಗಿದ್ದು ನೋಡಿದ್ದೇನೆ. ಗೆಳತಿಯರಲ್ಲಿ ಒಬ್ಬಳು ಜೊತೆಗಿರಲಿ, ಬಸ್ಸಿನಲ್ಲಿ ಹೋಗಿ. 2023ರ ಜೂನಿನಿಂದ ಅವರಿಗೆ ಸರ್ಕಾರಿ ಬಸ್ಸು ಫ್ರೀ, ಟಿಕೆಟ್ ನಿಮಗೊಬ್ಬರಿಗೇ. ಆಧಾರ್ ಕಾರ್ಡ್ ಗಂಡನ ಮನೆಯಲ್ಲೇ ಉಳಿದಿದ್ದರೆ ಅದರ ಇನ್ನೊಂದು ಪ್ರತಿ ತೆಗೆಸುವುದೇ ನಿಮ್ಮ ಮೊದಲ ಕೆಲಸ ಆಗಬಹುದು.

ಪ್ರಶ್ನೆ: ಕಾರವಾರದಲ್ಲಿ ಕೆಲಸದಲ್ಲಿದ್ದೇನೆ. ನಾನು, ನನ್ನ ರೂಮ್‌ಮೇಟ್ ಇಬ್ಬರೂ ಮೂರು ತಿಂಗಳಿಂದ ಒಬ್ಬ ಅಕ್ಕನ ಜೊತೆ ಠಾಣೆ, ಆಸ್ಪತ್ರೆ, ವಕೀಲರು ಅಂತ ರಜೆ ಹಾಕಿ ಓಡಾಡಿದೆವು. ಕಳೆದ ವಾರ ಅವರು ಯಾರಿಗೂ ಹೇಳದೆ ಗಂಡನ ಮನೆಗೆ ವಾಪಸ್ ಹೋದರು. ಸಿಟ್ಟು ಬರುತ್ತಿದೆ. ನಾವು ಮಾಡಿದ್ದೆಲ್ಲ ಸುಮ್ನೆ ಹೋಯ್ತಾ?

ಉತ್ತರ: ಸಿಟ್ಟು ಬರಲಿ, ನನಗೂ ಬರುತ್ತಿತ್ತು. ಅದನ್ನು ರೂಮ್‌ಮೇಟ್ ಹತ್ತಿರ ಹೇಳಿ ಮುಗಿಸಿ, ಅವರ ಹತ್ತಿರ ಮಾತ್ರ ತೋರಿಸಬೇಡಿ.

ಯಾಕೆ ಹೋದರು ಅಂತ ಊಹಿಸಲು ಕಷ್ಟ ಏನಿಲ್ಲ. ಮಗನ ಪರೀಕ್ಷೆ ಇರಬಹುದು. ತವರಿನಲ್ಲಿ ಅತ್ತಿಗೆ ಮುಖ ಗಂಟು ಹಾಕಿರಬಹುದು. ಗಂಡ ದೇವರ ಮುಂದೆ ಆಣೆ ಹಾಕಿ ಕರೆದಿರಬಹುದು. ದೌರ್ಜನ್ಯಕ್ಕೊಳಗಾದ ಹೆಂಗಸರಿಗೆಂದು ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ಐದು ದಿನ ಇರಬಹುದು, ಆರನೇ ದಿನ ಎಲ್ಲಿಗೆ? ಸಂಬಳ ಇರುವ ನಿಮಗೇ ಕಾರವಾರದಲ್ಲಿ ಬಾಡಿಗೆ ಮನೆ ಹುಡುಕುವಾಗ ಸಾಕೋಸಾಕು ಆಗಿರುತ್ತದೆ. ಒಂಟಿ ಹೆಂಗಸು, ಎರಡು ಮಕ್ಕಳು, ಗಂಡ ಎಲ್ಲಿ ಅಂದರೆ ಉತ್ತರ ಇಲ್ಲ, ಅವರಿಗೆ ಯಾರು ಮನೆ ಕೊಡುತ್ತಾರೆ?

ಮನೆ ಬಿಡುವ ಹೊತ್ತು ಮತ್ತು ಬಿಟ್ಟ ಮೇಲಿನ ದಿನಗಳೇ ಅವಳಿಗೆ ಎಲ್ಲಕ್ಕಿಂತ ಅಪಾಯದ್ದು ಎನ್ನುವುದನ್ನೂ ಮರೆಯಬೇಡಿ. ಹೊರಗಿನಿಂದ ನೋಡುವವರಿಗೆ ಬಿಟ್ಟು ಬಂದಳು, ಬಚಾವಾದಳು ಅನ್ನಿಸುತ್ತದೆ. ಕೈ ತಪ್ಪಿಹೋದಳು ಎಂದು ಗಂಡನಿಗೆ ಅನ್ನಿಸುವುದು ಆಗಲೇ. ಆ ಅಕ್ಕ ಅದನ್ನು ಲೆಕ್ಕ ಹಾಕಿಯೇ ಹೋಗಿರಬಹುದು.

ವಾಪಸ್ ಹೋದರೂ ಅವರ ಬಳಿ ಈಗ ಏನೇನು ಇದೆ ನೋಡಿ. ಆಸ್ಪತ್ರೆಯ ಕಾಗದ ಇದೆ, ದೂರಿಗೆ ಠಾಣೆಯವರು ಬರೆದುಕೊಟ್ಟ ಹಿಂಬರಹ ಇದೆ, ವಕೀಲರ ಮುಖ ಗೊತ್ತು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ ಅಂತ ಗೊತ್ತು. ಮದುವೆ ಗೋವಾಕ್ಕೋ ಹುಬ್ಬಳ್ಳಿಗೋ ಆಗಿದ್ದರೂ ತಾನು ಈಗ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು ಅಂತ ಗೊತ್ತು. ಮುಂದಿನ ಸಲ ಅವರು ಒಂದನೇ ಮೆಟ್ಟಿಲಿನಿಂದ ಹತ್ತಬೇಕಿಲ್ಲ. ಆ ಕಾಗದಗಳ ಜೆರಾಕ್ಸ್ ಒಂದು ಸೆಟ್ ಅವರು ಒಪ್ಪಿದ ಜಾಗದಲ್ಲಿ ಇರಲಿ. ಒರಿಜಿನಲ್ ಮಾತ್ರ ನೀವು ಇಟ್ಟುಕೊಳ್ಳಬೇಡಿ. ಮತ್ತೆ ಫೋನ್ ಬಂದರೆ "ನಾವು ಅವತ್ತೇ ಹೇಳಿದ್ದೆವಲ್ಲ" ಎನ್ನುವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಊಟ ಆಯ್ತಾ ಅಂತ ಕೇಳಿ.

ಪ್ರಶ್ನೆ: ನಮ್ಮ ಜಿಲ್ಲೆಯವರು ಓದಿದವರು, ಸೌಮ್ಯ ಜನ. ನಮ್ಮ ಕಡೆ ಇಂಥದ್ದು ಕಡಿಮೆ ಅಲ್ವಾ? ಸುಮ್ಮನೆ ದೊಡ್ಡದು ಮಾಡುತ್ತೀರಿ ಅನಿಸುತ್ತದೆ.

ಉತ್ತರ: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ದೌರ್ಜನ್ಯ ಆಗಿದೆ ಎಂದಿದ್ದಾರೆ. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು ಶೇ. 21 ಇತ್ತು. ದೇಶದ ಸರಾಸರಿ 29. ಜಿಲ್ಲೆಯ ಗಡಿಯಲ್ಲಿ ಇದು ತಾನಾಗಿ ನಿಂತುಬಿಡುತ್ತದೆ ಅಂತ ನನಗೆ ಅನಿಸುವುದಿಲ್ಲ. ಸೌಮ್ಯವಾಗಿ ಮಾತಾಡುವ ಗಂಡಸರ ಹೆಂಡತಿಯರೂ ನನ್ನೆದುರಿನ ಕುರ್ಚಿಯಲ್ಲಿ ಕೂತು ಹೋಗಿದ್ದಾರೆ.

ಪ್ರಶ್ನೆ: ನಾನು ಅಂಕೋಲೆ ಕಡೆಯವಳು. ಗಂಡನ ಕಾಟ ತಾಳಲಾರದೆ ತವರಿಗೆ ಬಂದಾಗ ಕೆಲವು ಹುಡುಗ ಹುಡುಗಿಯರು ಬಂದು ರೇಷನ್ ಕಿಟ್, ಮಗಳಿಗೆ ಬ್ಯಾಗು ಕೊಟ್ಟರು. ಒಳ್ಳೆಯ ಮಕ್ಕಳೇ. ಆದರೆ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ಮುಖಕ್ಕೆ ಹೂವಿನ ಚಿತ್ರ ಅಂಟಿಸಿದ್ದರು. ಆದರೂ ಊರಿಗೆಲ್ಲ ಗೊತ್ತಾಯಿತು. ಅವರಿಗೆ ಹೇಗೆ ಹೇಳಲಿ?

ಉತ್ತರ: ನೀವು ಹೇಳಬೇಡಿ ತಂಗಿ, ನಾನು ಹೇಳುತ್ತೇನೆ. ಅವರು ಈ ಪತ್ರಿಕೆ ಓದಲಿ ಅಂತ ಆಸೆ.

ಮಕ್ಕಳೇ, ನಮ್ಮದು ಸಣ್ಣ ಊರು. ಇಲ್ಲಿ ಮುಖ ನೋಡಿ ಯಾರೂ ಗುರುತು ಹಿಡಿಯುವುದಿಲ್ಲ. ಸೀರೆ ನೋಡಿ ಹಿಡಿಯುತ್ತಾರೆ. ಹಿಂದಿನ ಬಾವಿಕಟ್ಟೆ ನೋಡಿ, ಹೆಂಚು ನೋಡಿ, ಮಗಳ ಕಾಲುಗೆಜ್ಜೆ ನೋಡಿ ಹಿಡಿಯುತ್ತಾರೆ. ನೀವು ಅಂಟಿಸಿದ ಹೂವು ಇಲ್ಲಿ ಏನೋ ಮುಚ್ಚಿಡುವಂಥದ್ದು ಇದೆ ಎಂದು ಎಲ್ಲರಿಗೂ ತೋರಿಸಿತು ಅಷ್ಟೇ. ಅವಳು ಎಲ್ಲಿದ್ದಾಳೆ ಅಂತ ಹುಡುಕುತ್ತಿದ್ದ ಗಂಡನಿಗೆ ಬಾವಿಕಟ್ಟೆ ಸಾಕು. ಈ ಕೇಸುಗಳನ್ನು ಮುಚ್ಚಿದ ಬಾಗಿಲಿನೊಳಗೆ ನಡೆಸಲು ನ್ಯಾಯಾಧೀಶರಿಗೇ ಕಾಯ್ದೆ ಅವಕಾಶ ಕೊಟ್ಟಿದೆ. ಅಂಥದ್ದರಲ್ಲಿ ನೀವು ರೇಷನ್ ಕಿಟ್ಟಿನ ಲೆಕ್ಕಕ್ಕೆ ಅವಳನ್ನು ಬೀದಿಗೆ ತಂದಿರಿ. ದಾನಿಗಳಿಗೆ ಲೆಕ್ಕ ಕೊಡಬೇಕೇ? ಅಂಗಡಿಯ ಬಿಲ್ಲಿನ ಫೋಟೋ ಕಳಿಸಿ. ಅಕ್ಕಿ ಮೂಟೆಯ ಫೋಟೋ ಕಳಿಸಿ, ಅಕ್ಕಿಗೆ ಗಂಡನ ಮನೆ ಇಲ್ಲ.

ತಂಗಿ, ಗಂಡ ಹುಡುಕಿಕೊಂಡು ಬಂದರೆ 112. ಕೋರ್ಟಿನಿಂದ ರಕ್ಷಣಾ ಆದೇಶ ಆಗಿದ್ದರೆ ಅದರ ಪ್ರತಿ ಒಂದನ್ನು ನಿಮ್ಮ ಠಾಣೆಯಲ್ಲಿ ಕೊಟ್ಟಿಡಿ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಪ್ರಶ್ನೆ: ಮಗಳು ಕೆಲಸದ ಜೊತೆ ಇಂಥ ಸೇವೆಗೆ ಹೋಗುತ್ತಾಳೆ. ಗಂಡು ನೋಡುತ್ತಿದ್ದೇವೆ. ಸಂಬಂಧಕ್ಕೆ ತೊಂದರೆ ಆಗದೇ?

ಉತ್ತರ: ಅದನ್ನು ಕೇಳಿ ಹಿಂದೆ ಸರಿಯುವ ಮನೆ ಯಾವುದು ಅಂತ ಮದುವೆಗೆ ಮೊದಲೇ ಗೊತ್ತಾಗುವುದು ಒಳ್ಳೆಯದೇ ಅಲ್ವಾ?

ಪ್ರಶ್ನೆ: ನನಗೆ ಎರಡು ವರ್ಷದ ಹಿಂದೆ ಕೋರ್ಟಿನಲ್ಲಿ ಆದೇಶ ಆಯಿತು. ಈಗ ಕುಮಟಾದ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ, ಮಗಳ ಜೊತೆ ಇದ್ದೇನೆ. ಆಗ ನನ್ನ ಜೊತೆ ಇಬ್ಬರು ಹುಡುಗಿಯರು ಬರುತ್ತಿದ್ದರು. ಈಗ ನನಗೂ ಹಾಗೆ ಯಾರದಾದರೂ ಜೊತೆ ಹೋಗಬೇಕು ಅನ್ನಿಸುತ್ತಿದೆ. ನಾನು ಓದಿದ್ದು ಪಿಯುಸಿ. ಆಗುತ್ತದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಿಯುಸಿಯ ಮಾತು ಬಿಡಿ.

ಒಂದು ದಿನದ ಕಥೆ ಹೇಳುತ್ತೇನೆ. ಘಟ್ಟದ ಕೆಳಗಿನ ಒಂದು ಕೋರ್ಟು. ಮೀನು ಮಾರುವ ಒಬ್ಬರ ಅರ್ಜಿ ಇತ್ತು. ಚಿನ್ನದ ಅಂಗಡಿಯ ಹಳೇ ಚೀಲದಲ್ಲಿ ಅವರ ರೇಷನ್ ಕಾರ್ಡು, ಲಗ್ನಪತ್ರಿಕೆ, ಮಗುವಿನ ಜನನ ಪತ್ರ. ಹತ್ತೂವರೆಗೆ ಬಂದು ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಗಂಡ, ಅವನ ಅಣ್ಣ ಬಂದು ಅದೇ ಬೆಂಚಿನ ಆ ತುದಿಗೆ ಕೂತರು. ಅಣ್ಣ ಕವಳ ಹಾಕುತ್ತಾ ಇವರನ್ನೇ ನೋಡುತ್ತಿದ್ದ. ಇವರ ಕೈ ಚೀಲದ ಹಿಡಿಕೆಯನ್ನು ಸುತ್ತುತ್ತಾ ಸುತ್ತುತ್ತಾ ಬೆರಳು ಬೆಳ್ಳಗಾಗಿತ್ತು. ನಮ್ಮ ಜೊತೆ ಬಂದ ಹುಡುಗಿ, ಬ್ಯಾಂಕಿನವಳು, ಮೊದಲ ಸಲ ಬಂದಿದ್ದಳು. ಅವಳು ಏನೂ ಹೇಳದೆ ಎದ್ದು ಬಂದು ಇಬ್ಬರ ನಡುವೆ ಕೂತಳು. ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿದಳು. "ಇವತ್ತು ಬಂಗಡೆ ಎಷ್ಟಕ್ಕೆ ಹೋಯ್ತು ಅಕ್ಕಾ?" ಅಂತ ಕೇಳಿದಳು.

ಆಮೇಲೆ ಮೀನಿನದೇ ಮಾತು. ಬಂಗಡೆ, ತಾರ್ಲೆ, ಮಳೆಗಾಲದಲ್ಲಿ ಬೋಟು ನಿಂತರೆ ಒಣಮೀನು. ಬ್ಯಾಂಕಿನವಳಿಗೆ ಮೀನು ತಿಂದೇ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಅಣ್ಣ ಎರಡು ಸಲ ಕೆಮ್ಮಿ ನೋಡಿದ, ಯಾರೂ ತಿರುಗಲಿಲ್ಲ. ಮೂರೂವರೆಗೆ ಕೇಸು ಕೂಗಿದರು, ಮುಂದಿನ ತಾರೀಕು ಕೊಟ್ಟರು. ಅಷ್ಟೇ. ಅರ್ಜಿ ಕೊಟ್ಟ ಮೂರು ದಿನದೊಳಗೆ ಮೊದಲ ವಿಚಾರಣೆ, ಅರವತ್ತು ದಿನದಲ್ಲಿ ತೀರ್ಮಾನ ಅಂತ ಕಾಯ್ದೆಯ ಪುಸ್ತಕದಲ್ಲಿದೆ. ಪುಸ್ತಕಕ್ಕೂ ಬೆಂಚಿಗೂ ಎಷ್ಟು ದೂರ ಅಂತ ನಿಮಗೆ ನಾನು ಹೇಳಬೇಕಾ?

ಆ ಬೆಂಚು ನಿಮಗೆ ಗೊತ್ತು. ಆದ್ದರಿಂದಲೇ ಒಂದು ಎಚ್ಚರಿಕೆ. ಬೇರೆಯವರ ಗಂಡ ದನಿ ಏರಿಸಿದಾಗ ನಿಮ್ಮ ಹೊಟ್ಟೆಯಲ್ಲಿ ಹಳೆಯದು ಏಳಬಹುದು. ಅವತ್ತು ರಾತ್ರಿ ನಿದ್ದೆ ಬಾರದೆ ಇರಬಹುದು. ಹಾಗಾದರೆ ಒಂದೆರಡು ತಿಂಗಳು ಬಿಡಿ, ನಾಚಿಕೆ ಬೇಡ. ನಿಮ್ಮ ಕೇಸು ಇನ್ನೂ ಮೇಲಿನ ಕೋರ್ಟಿನಲ್ಲಿ ಇದ್ದರೆ ನಿಮ್ಮ ವಕೀಲರನ್ನು ಒಂದು ಮಾತು ಕೇಳಿ. ಮತ್ತೆ, ನಿಮ್ಮ ಕಥೆಯನ್ನು ಅವರು ಕೇಳಿದರೆ ಮಾತ್ರ ಹೇಳಿ. ನಾನು ಬಿಟ್ಟು ಬಂದೆ, ನೀನೂ ಬಾ ಅನ್ನುವುದು ನಿಮ್ಮ ಬಾಯಿಂದ ಬಂದರೆ ಅವಳಿಗೆ ಇಲ್ಲ ಅನ್ನಲು ಜಾಗವೇ ಇರುವುದಿಲ್ಲ.

ತಿಂಗಳಿಗೆ ಒಂದು ದಿನ ಸಾಕು, ಅಂಗಡಿಯ ವಾರದ ರಜೆಯ ದಿನ ನೋಡಿಕೊಳ್ಳಿ. ಕುಮಟಾದಲ್ಲೇ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ, ಅಲ್ಲಿ ಹೆಸರು ಕೊಡಿ. ಮಗಳ ಶಾಲೆ ಬಿಡುವ ಹೊತ್ತಿಗೆ ನೋಡಿಕೊಳ್ಳಲು ಯಾರಾದರೂ ಇರಲಿ, ಯಾಕೆಂದರೆ ಕೇಸು ಕೂಗುವುದು ಮಧ್ಯಾಹ್ನದ ಮೇಲೇ ಆಗಬಹುದು. ಫ್ಲಾಸ್ಕ್ ಒಂದು ಲೀಟರಿನದೇ ತೆಗೆದುಕೊಳ್ಳಿ, ಅರ್ಧ ಲೀಟರಿನದು ಹನ್ನೆರಡು ಗಂಟೆಗೇ ಖಾಲಿಯಾಗುತ್ತದೆ.